ಅತಿವೇಗದ ರೋಲರ್ ಕೋಸ್ಟರ್‌ಗಳಲ್ಲಿ ಎದುರಾಗುವ ವಸ್ತುಗಳು ಮತ್ತು ಸವಾರರ ರಕ್ಷಣೆ

ಅಬುಧಾಬಿಯ ಯಾಸ್ ದ್ವೀಪದಲ್ಲಿರುವ ಫೆರಾರಿ ವರ್ಲ್ಡ್ ಉದ್ಯಾನದಲ್ಲಿ 2010ರ ನವೆಂಬರಿನಲ್ಲಿ ಸಾರ್ವಜನಿಕರಿಗೆ ತೆರೆದ ‘ಫಾರ್ಮುಲಾ ರೋಸ್ಸಾ’ ಎಂಬ ರೋಲರ್ ಕೋಸ್ಟರ್, ಗಂಟೆಗೆ 240 ಕಿಲೋಮೀಟರ್ ವೇಗವನ್ನು ಐದು ಸೆಕೆಂಡಿಗೂ ತುಸು ಕಡಿಮೆ ಸಮಯದಲ್ಲಿ ಮುಟ್ಟುತ್ತದೆ. ಇಂಟಾಮಿನ್ ಸಂಸ್ಥೆ ನಿರ್ಮಿಸಿದ ಈ ಸವಾರಿಯಲ್ಲಿ ಬಂಡಿಯು ಕಟ್ಟಡದೊಳಗಿನಿಂದ ಚಿಮ್ಮಿ, ಮರಳುನೆಲದ ಬಯಲಿಗೆ ಬಂದು, 52 ಮೀಟರ್ ಎತ್ತರವನ್ನು ಏರಿಳಿದು, ಎರಡು ಕಿಲೋಮೀಟರಿಗೂ ಸ್ವಲ್ಪ ಹೆಚ್ಚು ಉದ್ದದ ಹಳಿಯನ್ನು ಸುತ್ತಿ ಹಿಂತಿರುಗುತ್ತದೆ. ಅದರಲ್ಲಿ ಕೂರುವ ಹದಿನಾರು ಮಂದಿಯೂ ಹೊರಡುವ ಮುನ್ನ ರಕ್ಷಣಾ ಕನ್ನಡಕವನ್ನು, ಅಂದರೆ ಕಣ್ಣನ್ನು ಸುತ್ತಲೂ ಮುಚ್ಚುವ ಗಾಗಲನ್ನು, ಧರಿಸಲೇಬೇಕು. ಕೊಲ್ಲಿ ದೇಶಗಳಲ್ಲಿ ನೆಲೆಸಿರುವ ಕನ್ನಡಿಗರಿಗೂ ಅವರನ್ನು ನೋಡಲು ಹೋಗುವ ಬಂಧುಗಳಿಗೂ ಈ ಕನ್ನಡಕ ಅಪರಿಚಿತವಲ್ಲ. ಅಲ್ಲಿ ತೆಗೆಸಿಕೊಂಡ ಭಾವಚಿತ್ರಗಳಲ್ಲಿ ಎದ್ದು ಕಾಣುವುದೇ ಅದು. ಎದುರಾಗುವ ವಸ್ತುಗಳಿಂದ ಸವಾರನನ್ನು ಕಾಯುವ ವ್ಯವಸ್ಥೆಯಲ್ಲಿ ಕಣ್ಣಿಗೆ ಕಾಣುವ ಭಾಗ ಈ ಕನ್ನಡಕವಾದರೂ, ಅದು ಉತ್ತರ ಕೊಡುವುದು ಅಪಾಯದ ಅತ್ಯಂತ ಹಗುರವಾದ ಪಾಲಿಗೆ ಮಾತ್ರ. ಭಾರವಾದ ಪಾಲನ್ನು ಸವಾರನ ಜೇಬಿನಲ್ಲಿ, ಹಳಿಯ ನಕ್ಷೆಯಲ್ಲಿ ಮತ್ತು ದುರಸ್ತಿ ಕೊಠಡಿಯಲ್ಲಿ ನಿಭಾಯಿಸಬೇಕಾಗುತ್ತದೆ ಎಂಬುದನ್ನು ಪ್ರಸ್ತುತ ಲೇಖನವು ಪ್ರತಿಪಾದಿಸುತ್ತದೆ.

ಇದನ್ನು ಸ್ಪಷ್ಟಪಡಿಸಿಕೊಳ್ಳಲು, ವೇಗವು ಯಾರದು ಎಂಬ ಪ್ರಶ್ನೆಯಿಂದ ಆರಂಭಿಸುವುದು ಉಚಿತ. ಗಾಳಿಯಲ್ಲಿ ತೇಲುತ್ತಿರುವ ಕೀಟ, ಮರಳಿನ ಕಣ ಅಥವಾ ಅಡ್ಡಹಾಯುವ ಹಕ್ಕಿ ಬಂಡಿಗೆ ಹೋಲಿಸಿದರೆ ಬಹುಮಟ್ಟಿಗೆ ನಿಶ್ಚಲವಾದವು. ಅವುಗಳ ಕಡೆಗೆ ಹಾರಿಹೋಗುವವನು ಸವಾರನೇ ಆದ್ದರಿಂದ, ಘರ್ಷಣೆಯ ವೇಗವೆಂದರೆ ಬಂಡಿಯ ಪೂರ್ಣ ವೇಗ. ಸವಾರನ ಜೇಬಿನಿಂದ ಜಾರಿದ ಫೋನಿನ ಸ್ಥಿತಿ ಇದಕ್ಕೆ ವಿರುದ್ಧವಾದುದು. ಅದು ಜಾರಿದ ಕ್ಷಣದಲ್ಲಿ ಬಂಡಿಯಷ್ಟೇ ವೇಗದಲ್ಲಿ ಮುನ್ನುಗ್ಗುತ್ತಿರುವುದರಿಂದ ಪಕ್ಕದವನ ಪಾಲಿಗೆ ನಿಶ್ಚಲವಾಗಿಯೂ, ಕೆಳಗೆ ನೆಲದ ಮೇಲೆ ನಿಂತವನ ಪಾಲಿಗೆ ಪೂರ್ಣವೇಗದ ಗುಂಡಾಗಿಯೂ ಇರುತ್ತದೆ. ಒಂದು ವಸ್ತುವಿಗೂ ಇನ್ನೊಂದಕ್ಕೂ ನಡುವೆ ಇರುವ ಈ ವೇಗದ ಅಂತರವನ್ನು ಭೌತವಿಜ್ಞಾನದಲ್ಲಿ ಸಾಪೇಕ್ಷ ವೇಗ ಎನ್ನುತ್ತಾರೆ. ಮೂರನೆಯ ಬಗೆಯದು ಯಂತ್ರದಿಂದಲೇ ಕಳಚಿಕೊಳ್ಳುವ ಭಾಗ. ಅದರ ವೇಗ ಮತ್ತು ದಿಕ್ಕು ಎರಡನ್ನೂ ಮೊದಲೇ ಊಹಿಸುವುದು ಕಷ್ಟ. ಈ ಮೂರೂ ಬಗೆಗಳು ‘ಎದುರಾಗುವ ವಸ್ತುಗಳು’ ಎಂಬ ಒಂದೇ ಸಾಮಾನ್ಯ ಹೆಸರಿನಡಿ ಬರುವುದರಿಂದ, ಒಂದಕ್ಕೆ ಕಂಡುಕೊಂಡ ಪರಿಹಾರವೇ ಉಳಿದವಕ್ಕೂ ಸಾಕೆಂಬ ಭಾವನೆ ಹುಟ್ಟಿಕೊಳ್ಳುತ್ತದೆ.

ವಸ್ತುವೊಂದು ಬಡಿದಾಗ ಆಗುವ ಹಾನಿಯನ್ನು ಅಳೆಯಲು ಮೊದಲು ನೋಡಬೇಕಾದದ್ದು ಅದರ ಚಲನಶಕ್ತಿ. ಇದು ದ್ರವ್ಯರಾಶಿಯ ಅರ್ಧವನ್ನು ವೇಗದ ವರ್ಗದಿಂದ ಗುಣಿಸಿದಾಗ ಬರುವ ಮೊತ್ತ. ಇದನ್ನು ಜೌಲ್ ಎಂಬ ಮಾನದಲ್ಲಿ ಹೇಳುತ್ತಾರೆ. ಗಂಟೆಗೆ 240 ಕಿಲೋಮೀಟರ್ ಎಂದರೆ ಸೆಕೆಂಡಿಗೆ ಸುಮಾರು 66.7 ಮೀಟರ್. ಈ ವೇಗದಲ್ಲಿ 0.1 ಗ್ರಾಂ ತೂಗುವ ಜೇನುನೊಣವೊಂದು ಮುಖಕ್ಕೆ ಬಡಿದರೆ 0.22 ಜೌಲ್, ಅರೇಬಿಯದ ಮರುಭೂಮಿಗೆ ಚಿರಪರಿಚಿತವಾದ ಮತ್ತು ಸುಮಾರು 2 ಗ್ರಾಂ ತೂಗುವ ಮಿಡತೆ ಬಡಿದರೆ 4.4 ಜೌಲ್ ಶಕ್ತಿ ಒದಗುತ್ತದೆ. ವೇಗದ ವರ್ಗವು ಲೆಕ್ಕಕ್ಕೆ ಬರುವುದರಿಂದ, ಗಂಟೆಗೆ 80 ಕಿಲೋಮೀಟರ್ ವೇಗದ ಸಾಧಾರಣ ಸವಾರಿಯಲ್ಲಿ ಅದೇ ಮಿಡತೆಯ ಪೆಟ್ಟು ಒಂಬತ್ತರಲ್ಲಿ ಒಂದು ಪಾಲು ಮಾತ್ರ. ವೇಗ ಮೂರು ಪಟ್ಟಾದರೆ ಪೆಟ್ಟು ಒಂಬತ್ತು ಪಟ್ಟಾಗುವ ಈ ನಿಯಮದಿಂದಲೇ, ಹಳೆಯ ಸವಾರಿಗಳಲ್ಲಿ ಕಿರಿಕಿರಿ ಎನಿಸಿಕೊಂಡಿದ್ದ ಸಂಗತಿಯು ಹೊಸ ಸವಾರಿಗಳಲ್ಲಿ ಗಾಯವಾಗಿ ಪರಿಣಮಿಸುತ್ತದೆ.

ಶಕ್ತಿಯ ಮೊತ್ತದಷ್ಟೇ ಮುಖ್ಯವಾದುದು ಅದು ಎಷ್ಟು ಜಾಗದಲ್ಲಿ ಹಂಚಿಹೋಗುತ್ತದೆ ಎಂಬುದು. ಕಣ್ಣಿನ ಗಾಯಗಳನ್ನು ಕುರಿತು ಅಮೆರಿಕದ ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯದಲ್ಲಿ ನಡೆದ ಸಂಶೋಧನೆಗಳು, ಬಡಿದ ವಸ್ತುವಿನ ಚಲನಶಕ್ತಿಯನ್ನು ಅದರ ಅಡ್ಡಕೊಯ್ತದ ವಿಸ್ತೀರ್ಣದಿಂದ ಭಾಗಿಸಿ ಬಂದ ಸಂಖ್ಯೆಯನ್ನು ಗಾಯದ ಸಂಭವನೀಯತೆಗೆ ಅಳತೆಗೋಲಾಗಿ ಬಳಸಿಕೊಂಡಿವೆ. ಕಾಲು ಮಿಲಿಮೀಟರ್ ಅಗಲದ ಮರಳಿನ ಕಣದ ಒಟ್ಟು ಶಕ್ತಿ ಎಣಿಕೆಗೆ ಸಿಗದಷ್ಟು ಅಲ್ಪವಾಗಿದ್ದರೂ, ಅದು ಕಾರ್ನಿಯಾವನ್ನು, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪೊರೆಯನ್ನು, ಒಂದು ಚುಕ್ಕೆಯಷ್ಟೇ ಜಾಗದಲ್ಲಿ ತಾಕುವುದರಿಂದ ತರಚುವ ಸಾಮರ್ಥ್ಯ ಪಡೆದಿರುತ್ತದೆ; ಕೆನ್ನೆಯ ಚರ್ಮ ಲೆಕ್ಕಿಸದ ಪೆಟ್ಟನ್ನು ಕಾರ್ನಿಯಾ ತಾಳಲಾರದು. ರೆಪ್ಪೆ ತಾನಾಗಿ ಮುಚ್ಚಿ ಕಣ್ಣನ್ನು ಕಾಯಬಾರದೇ ಎಂಬ ಪ್ರಶ್ನೆ ಸಹಜವಾದರೂ, ಆ ಪ್ರತಿವರ್ತನೆಗೆ ಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟು ಸಮಯವಾದರೂ ಬೇಕು, ಅಷ್ಟರಲ್ಲಿ ಬಂಡಿ ಆರೂವರೆ ಮೀಟರಿಗಿಂತ ಹೆಚ್ಚು ದೂರ ಸಾಗಿರುತ್ತದೆ. ಅಷ್ಟು ದೂರದಲ್ಲಿರುವ ನೊಣವೊಂದನ್ನು ಆ ಓಟದಲ್ಲಿ ಯಾವ ಕಣ್ಣೂ ಗುರುತಿಸದು.

ಇದಕ್ಕೆ ಗಾಳಿಯ ಒತ್ತಡವೂ ಸೇರುತ್ತದೆ. ಸೆಕೆಂಡಿಗೆ 66.7 ಮೀಟರ್ ವೇಗದಲ್ಲಿ ಮುಖಕ್ಕೆ ಎದುರಾಗುವ ಗಾಳಿಯು ಪ್ರತಿ ಚದರ ಮೀಟರಿಗೆ ಸುಮಾರು 2,600 ನ್ಯೂಟನ್ ಬಲವನ್ನು ಹೇರುತ್ತದೆ; ಮುಖದ ಅಳತೆಗೆ ಇಳಿಸಿ ನೋಡಿದರೆ ಇದು ಏಳೆಂಟು ಕಿಲೋಗ್ರಾಂ ತೂಕವನ್ನು ಮುಖದ ಮೇಲೆ ಒರಗಿಸಿಟ್ಟಷ್ಟಾಗುತ್ತದೆ. ಇಂಥ ಗಾಳಿಗೆ ಕಣ್ಣೀರು ಸುರಿದು ದೃಷ್ಟಿ ಮಂಜಾಗುವುದು ಖಚಿತವಾದ್ದರಿಂದ, ಎದುರಿಗೆ ಏನೂ ಬಾರದಿದ್ದರೂ ಕನ್ನಡಕದ ಅಗತ್ಯವಿರುತ್ತದೆ. ನಿತ್ಯ ಬಳಕೆಯ ಕನ್ನಡಕ ಇಲ್ಲಿ ಕೆಲಸಕ್ಕೆ ಬಾರದು, ಏಕೆಂದರೆ ಅದರ ಪಕ್ಕಗಳು ತೆರೆದಿರುತ್ತವೆ. ಮರಳು ನೇರವಾಗಿ ಬರುವುದಕ್ಕಿಂತ ಸುಳಿಗಾಳಿಯ ಜೊತೆ ಬದಿಯಿಂದ ನುಗ್ಗುವುದೇ ಹೆಚ್ಚು.

ರಕ್ಷಣಾ ಕನ್ನಡಕಗಳು ಎಷ್ಟನ್ನು ತಾಳಬಲ್ಲವು ಎಂಬುದಕ್ಕೆ ಕೈಗಾರಿಕಾ ಮಾನಕಗಳು ಖಚಿತವಾದ ಉತ್ತರವನ್ನು ಕೊಡುತ್ತವೆ. ಯುರೋಪಿನ ಇಎನ್ 166 ಎಂಬ ಮಾನಕದ ಪ್ರಕಾರ, 6 ಮಿಲಿಮೀಟರ್ ವ್ಯಾಸದ ಮತ್ತು 0.86 ಗ್ರಾಂ ತೂಕದ ಉಕ್ಕಿನ ಗುಂಡನ್ನು ಕಣ್ಣಿನ ರಕ್ಷಣಾ ಸಾಧನದ ಮೇಲೆ ಹಾರಿಸಿ ಪರೀಕ್ಷಿಸಲಾಗುತ್ತದೆ: ಸೆಕೆಂಡಿಗೆ 45 ಮೀಟರ್ ವೇಗದ ಗುಂಡನ್ನು ತಾಳಿದ್ದಕ್ಕೆ ‘ಎಫ್’, 120 ಮೀಟರ್ ವೇಗದ್ದನ್ನು ತಾಳಿದ್ದಕ್ಕೆ ‘ಬಿ’, 190 ಮೀಟರ್ ವೇಗದ್ದನ್ನು ತಾಳಿದ್ದಕ್ಕೆ ‘ಎ’ ಎಂಬ ಗುರುತು ಸಿಗುತ್ತದೆ. ಜೌಲುಗಳಲ್ಲಿ ಇವು ಕ್ರಮವಾಗಿ ಸುಮಾರು 0.9, 6.2 ಮತ್ತು 15.5. ಅಬುಧಾಬಿಯ ವೇಗದಲ್ಲಿ ಬಡಿಯುವ 4.4 ಜೌಲಿನ ಮಿಡತೆಯನ್ನು ಈ ಸಾಲಿನಲ್ಲಿಟ್ಟು ನೋಡಿದರೆ, ಅದು ಎಫ್ ದರ್ಜೆಯನ್ನು ದಾಟಿ ಬಿ ದರ್ಜೆಯೊಳಗೆ ನಿಲ್ಲುತ್ತದೆ. ಮಿಡತೆಯ ಮೈ ಉಕ್ಕಿನಂತೆ ಗಟ್ಟಿಯಲ್ಲವಾದ್ದರಿಂದ ವಾಸ್ತವದಲ್ಲಿ ಇನ್ನಷ್ಟು ರಿಯಾಯಿತಿಯೂ ಉಂಟು. ಆದರೆ 200 ಗ್ರಾಂ ತೂಗುವ ಫೋನು ಸೆಕೆಂಡಿಗೆ 30 ಮೀಟರ್ ಎಂಬ ಸಾಧಾರಣ ವೇಗದಲ್ಲಿ ಬಡಿದರೂ 90 ಜೌಲ್ ಶಕ್ತಿ ಹೊಂದಿರುತ್ತದೆ, ಅಂದರೆ ಈ ಮಾನಕದ ಅತ್ಯುನ್ನತ ದರ್ಜೆಗೆ ಮಾಡುವ ಪರೀಕ್ಷೆಯ ಸುಮಾರು ಆರು ಪಟ್ಟು. ಮಸೂರ ಒಡೆಯದೆ ಉಳಿದರೂ ಅದರ ಹಿಂದಿನ ಮೂಳೆ ಉಳಿಯುವ ಭರವಸೆಯಿಲ್ಲ. ಕನ್ನಡಕದ ರಕ್ಷಣೆ ಎಲ್ಲಿಗೆ ಮುಗಿಯುತ್ತದೆ ಎಂಬುದು ಈ ಒಂದು ಲೆಕ್ಕದಿಂದಲೇ ತಿಳಿಯುತ್ತದೆ. ಪಟ್ಟಿ ಸಡಿಲವಾಗಿದ್ದರೆ ಕನ್ನಡಕವೇ ತಲೆಯಿಂದ ಕಿತ್ತುಹೋಗಿ ಹಿಂದಿನ ಸಾಲಿನವರಿಗೆ ಎದುರಾಗುವ ವಸ್ತುವಾಗುತ್ತದೆ ಎಂಬ ವಿಪರ್ಯಾಸವನ್ನೂ ಇಲ್ಲಿ ಗಮನಿಸಬೇಕು. ಕಣ್ಣಿಗೆ ಕೊಟ್ಟ ಉಪಕರಣವು ಬಿಗಿಯಾಗಿದೆಯೇ ಎಂದು ಕೈಯಿಂದ ಎಳೆದು ನೋಡುವ ಸಿಬ್ಬಂದಿಯ ಪಾತ್ರ ಆದ್ದರಿಂದ ಔಪಚಾರಿಕವಾದುದಲ್ಲ.

ಹಕ್ಕಿಗಳ ವಿಷಯದಲ್ಲಿ ಜಗತ್ತಿನ ಗಮನ ಸೆಳೆದ ಪ್ರಸಂಗ ನಡೆದದ್ದು 1999ರ ಮಾರ್ಚ್ 30ರಂದು, ಅಮೆರಿಕದ ವರ್ಜೀನಿಯಾ ರಾಜ್ಯದ ಬುಶ್ ಗಾರ್ಡನ್ಸ್ ಉದ್ಯಾನದಲ್ಲಿ. ‘ಅಪೋಲೋಸ್ ಚಾರಿಯಟ್’ ಎಂಬ ಸವಾರಿಯ ಉದ್ಘಾಟನೆಗೆ ಬಂದಿದ್ದ ರೂಪದರ್ಶಿ ಫ್ಯಾಬಿಯೊ ಮುಂದಿನ ಸಾಲಿನಲ್ಲಿ ಕುಳಿತಿದ್ದಾಗ, ಹೆಬ್ಬಾತೊಂದು ಬಂಡಿಗೆ ಅಡ್ಡಬಂದು ಅವರ ಮೂಗಿಗೆ ಗಾಯವಾಗಿ, ಅವರು ರಕ್ತಸಿಕ್ತ ಮುಖದಿಂದ ನಿಲ್ದಾಣಕ್ಕೆ ಮರಳಿದರು. ಆ ಸವಾರಿಯ ಗರಿಷ್ಠ ವೇಗ ಗಂಟೆಗೆ ಸುಮಾರು 117 ಕಿಲೋಮೀಟರ್, ಅಬುಧಾಬಿಯದರ ಅರ್ಧಕ್ಕೂ ಕಡಿಮೆ. ಹಾಗಿದ್ದರೂ ನಾಲ್ಕು ಕಿಲೋಗ್ರಾಂ ತೂಗುವ ಹಕ್ಕಿ ಆ ವೇಗದಲ್ಲಿ ನೇರವಾಗಿ ಬಡಿದರೆ 2,000 ಜೌಲಿಗೂ ಮೀರಿದ ಶಕ್ತಿ ಹೊಮ್ಮುತ್ತದೆ. ಅದರ ಅಲ್ಪಾಂಶವಷ್ಟೇ ಮುಖಕ್ಕೆ ತಗುಲಿರಬೇಕು. ಪತ್ರಿಕೆಗಳು ಇದನ್ನು ವರ್ಷಗಟ್ಟಲೆ ನಗೆಯ ಸುದ್ದಿಯಾಗಿ ಬಳಸಿಕೊಂಡದ್ದು ವಿಷಯದ ಗಾಂಭೀರ್ಯಕ್ಕೆ ಒದಗಿದ ನಷ್ಟವೇ ಸರಿ. ಹಕ್ಕಿಯ ಪೆಟ್ಟಿಗೆ ಮುಖದ ಮೇಲಿನ ಯಾವ ಉಪಕರಣವೂ ಉತ್ತರವಲ್ಲ. ನೀರಿನ ಮೇಲೆ ಹಾದುಹೋಗುವ ಹಳಿಯ ಸುತ್ತ ಹಕ್ಕಿಗಳು ನೆಲೆಗೊಳ್ಳದಂತೆ ನೋಡಿಕೊಳ್ಳುವುದು ಹಾಗೂ ಬಂಡಿಯ ಮುಂಭಾಗಕ್ಕೆ ತಡೆ ಒದಗಿಸುವುದು ಇಲ್ಲಿ ಉಳಿಯುವ ದಾರಿಗಳು. ಗಂಟೆಗೆ 250 ಕಿಲೋಮೀಟರ್ ವೇಗಕ್ಕೆ ವಿನ್ಯಾಸಗೊಂಡು ಸೌದಿ ಅರೇಬಿಯದ ಕಿದ್ದಿಯಾದಲ್ಲಿ ನಿರ್ಮಾಣವಾದ ‘ಫಾಲ್ಕನ್ಸ್ ಫ್ಲೈಟ್’ ಬಂಡಿಗೆ ಮುಂಭಾಗದಲ್ಲಿ ಗಾಳಿತಡೆಯ ಫಲಕವನ್ನು ಅಳವಡಿಸಿರುವುದು ಈ ಎರಡನೆಯ ದಾರಿಯಲ್ಲಿ ಇಟ್ಟ ಹೆಜ್ಜೆ. ಅಬುಧಾಬಿಗಿಂತ ಅದರ ವೇಗ ನೂರಕ್ಕೆ ನಾಲ್ಕರಷ್ಟೇ ಹೆಚ್ಚಾದರೂ ಪೆಟ್ಟಿನ ಶಕ್ತಿ ನೂರಕ್ಕೆ ಎಂಟೂವರೆಯಷ್ಟು ಹೆಚ್ಚುತ್ತದೆ.

ಎರಡನೆಯ ಬಗೆಯ ವಸ್ತುಗಳು, ಅಂದರೆ ಸವಾರರೇ ಜೊತೆಗೆ ತರುವ ಫೋನು, ಕೀಲಿಗೊಂಚಲು, ನಾಣ್ಯ, ಟೋಪಿ, ಪರ್ಸು ಮೊದಲಾದವು, ವೇಗದ ಸವಾರಿಗಳಿಗಷ್ಟೇ ಸೀಮಿತವಾಗದೆ ಎಲ್ಲ ಕಡೆಯೂ ಕಾಡುವಂಥವು. ಬಿಡದಿಯ ವಂಡರ್‌ಲಾದಂಥ ನಮ್ಮ ನಾಡಿನ ಉದ್ಯಾನಗಳ ಸವಾರಿಗಳು ಅಬುಧಾಬಿಯ ವೇಗದ ಹತ್ತಿರಕ್ಕೂ ಹೋಗುವುದಿಲ್ಲವಾದ್ದರಿಂದ ಅಲ್ಲಿ ಕೀಟಗಳಿಗೆಂದು ಕನ್ನಡಕ ಬೇಕಾಗದು. ಆದರೆ ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಜಾರಿದ ಫೋನು ಕೆಳಗಿದ್ದವರ ಪಾಲಿಗೆ ಸುಮಾರು 50 ಜೌಲಿನ ವಸ್ತು, ಎತ್ತರದಿಂದ ಬಿದ್ದ ಶಕ್ತಿ ಬೇರೆ. ಜಾರಿದ ವಸ್ತು ಅದೇ ಬಂಡಿಯ ಹಿಂದಿನ ಸಾಲಿನವರಿಗೆ ಹೇಗೆ ಎದುರಾಗುತ್ತದೆ ಎಂಬುದು ಇನ್ನೂ ಸೂಕ್ಷ್ಮವಾದ ಪ್ರಶ್ನೆ. ಸೆಕೆಂಡಿಗೆ 50 ಮೀಟರ್ ವೇಗದಲ್ಲಿ ಓಡುವ ಬಂಡಿಯಿಂದ ಹೊರಬಿದ್ದ ಫೋನು ತನ್ನ ಅಗಲವಾದ ಮುಖವನ್ನು ಗಾಳಿಗೆ ಒಡ್ಡಿದರೆ, ವಾಯುರೋಧವು, ಅಂದರೆ ಗಾಳಿ ಒಡ್ಡುವ ತಡೆಯು, ಅದನ್ನು ಗುರುತ್ವದ ಒಂಬತ್ತು ಪಟ್ಟು ಬಲದಿಂದ ಹಿಂದಕ್ಕೆ ತಳ್ಳುತ್ತದೆ. ಅಂಚನ್ನು ಒಡ್ಡಿದರೆ ಆ ಬಲ ಗುರುತ್ವದಷ್ಟೇ. ಎಂಟು ಮೀಟರ್ ಹಿಂದೆ ಕುಳಿತವನನ್ನು ಅದು ಸೇರುವ ಹೊತ್ತಿಗೆ ಸಾಪೇಕ್ಷ ವೇಗವು ಮೊದಲ ಸಂದರ್ಭದಲ್ಲಿ ಗಂಟೆಗೆ ಸುಮಾರು 90, ಎರಡನೆಯದರಲ್ಲಿ ಸುಮಾರು 40 ಕಿಲೋಮೀಟರ್ ಆಗಿರುತ್ತದೆ. ಉರುಳುತ್ತ ಬರುವ ಫೋನಿನ ವೇಗ ಈ ಎರಡರ ನಡುವೆ ಎಲ್ಲೋ ಇರುತ್ತದೆ.

ಸಮತಟ್ಟಾದ ಹಳಿಯಲ್ಲಿ ಇಷ್ಟು ಹೊತ್ತಿಗೆ ಫೋನು ಒಂದು ಮೀಟರಿಗೂ ಹೆಚ್ಚು ಕೆಳಗಿಳಿದು ಬಂಡಿಯ ಅಡಿಗೆ ಹೋಗಿರುತ್ತದೆ. ಆದರೆ ದಿಬ್ಬವನ್ನು ದಾಟಿ ಬಂಡಿಯೇ ಬೀಳುತ್ತಿರುವ ಜಾಗದಲ್ಲಿ, ಸವಾರರು ಆಸನದಿಂದ ಎದ್ದಂತೆ ಭಾಸವಾಗುವ ಆ ಕೆಲವು ಕ್ಷಣಗಳಲ್ಲಿ, ಫೋನು ಮತ್ತು ಸವಾರ ಒಟ್ಟಿಗೆ ಬೀಳುತ್ತಿರುವುದರಿಂದ ಅದು ಮುಖದ ಮಟ್ಟದಲ್ಲೇ ಉಳಿಯುತ್ತದೆ. ಜೇಬಿನಿಂದ ವಸ್ತುಗಳು ಮೇಲೆದ್ದು ಹೊರಬರುವುದೂ ಅದೇ ಜಾಗದಲ್ಲಿ. ಸ್ಪೇನಿನ ಪೋರ್ಟ್‌ಅವೆಂಚುರಾ ಉದ್ಯಾನದ ‘ಶಂಭಾಲಾ’ ಸವಾರಿಯಲ್ಲಿ 2019ರಲ್ಲಿ ಮುಂದಿನ ಸಾಲಿನವರು ಕಳೆದುಕೊಂಡ ಫೋನನ್ನು ಹಿಂದೆ ಕುಳಿತಿದ್ದ ಸವಾರರೊಬ್ಬರು ಗಾಳಿಯಲ್ಲೇ ಹಿಡಿದ ದೃಶ್ಯವು ಜಗತ್ತಿನಾದ್ಯಂತ ಹರಿದಾಡಿತು. ಸಾಪೇಕ್ಷ ವೇಗ ಕಡಿಮೆಯಿದ್ದು, ಕೈ ಸರಿಯಾದ ಕಡೆಗೆ ಚಾಚಿದ್ದರಿಂದ ಅದು ಚಮತ್ಕಾರವೆನಿಸಿತು. ಅದೇ ಫೋನು ಕೈಗೆ ಸಿಗದೆ ಇನ್ನೂ ಎರಡು ಸಾಲು ಹಿಂದಕ್ಕೆ ಹೋಗಿದ್ದರೆ ಚಪ್ಪಾಳೆಗೆ ಅವಕಾಶವಿರುತ್ತಿರಲಿಲ್ಲ.

ಸಾಪೇಕ್ಷ ವೇಗದ ಮಾತು ಅತ್ಯಂತ ಕಠೋರವಾಗಿ ಸತ್ಯವಾದದ್ದು ಫ್ಲಾರಿಡಾದ ಒರ್ಲ್ಯಾಂಡೊದಲ್ಲಿ. ಯೂನಿವರ್ಸಲ್ ಉದ್ಯಾನದಲ್ಲಿ 1999ರಲ್ಲಿ ‘ಡ್ಯುಯೆಲಿಂಗ್ ಡ್ರ್ಯಾಗನ್ಸ್’ ಎಂಬ ಹೆಸರಿನಿಂದ ತೆರೆದು, ಮುಂದೆ ‘ಡ್ರ್ಯಾಗನ್ ಚಾಲೆಂಜ್’ ಎಂದು ಹೆಸರು ಬದಲಿಸಿಕೊಂಡ ಜೋಡಿ ಸವಾರಿಯಲ್ಲಿ, ಹಳಿಯ ಕೆಳಗೆ ತೂಗುವ ಎರಡು ಬಂಡಿಗಳು ಎದುರುಬದುರಾಗಿ ಧಾವಿಸಿ, ಸವಾರರ ಕಾಲುಗಳ ನಡುವೆ ಅರ್ಧ ಮೀಟರಿಗೂ ಕಡಿಮೆ ಅಂತರ ಉಳಿಯುವಂತೆ ಸರಿದುಹೋಗುತ್ತಿದ್ದವು. ಅದರ ಆಕರ್ಷಣೆಯೇ ಅದರ ದೋಷವೂ ಆಗಿತ್ತು: ಒಂದು ಬಂಡಿಯಿಂದ ಜಾರಿದ ವಸ್ತು ಇನ್ನೊಂದಕ್ಕೆ ಎರಡೂ ಬಂಡಿಗಳ ವೇಗ ಕೂಡಿದಷ್ಟು ವೇಗದಲ್ಲಿ ಎದುರಾಗುತ್ತಿತ್ತು. ಪ್ರತಿಯೊಂದೂ ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿದ್ದರೆ, 6 ಗ್ರಾಂ ತೂಗುವ ನಾಣ್ಯದ ಪೆಟ್ಟು ಸುಮಾರು 6 ಜೌಲ್, ಅಂದರೆ ಅಬುಧಾಬಿಯ ಮಿಡತೆಗಿಂತ ಹೆಚ್ಚು, ಅದೂ ಗಟ್ಟಿ ಲೋಹದ್ದು. 2011ರ ಬೇಸಿಗೆಯಲ್ಲಿ ಕೆಲವೇ ವಾರಗಳ ಅಂತರದಲ್ಲಿ ಇಬ್ಬರು ಸವಾರರಿಗೆ ಗಾಯವಾಗಿ, ಅವರಲ್ಲೊಬ್ಬರು ಒಂದು ಕಣ್ಣನ್ನೇ ಕಳೆದುಕೊಂಡ ಮೇಲೆ, ಎರಡು ಬಂಡಿಗಳನ್ನು ಏಕಕಾಲಕ್ಕೆ ಬಿಡುವ ಪದ್ಧತಿಯನ್ನು ಉದ್ಯಾನವು ಅದೇ ವರ್ಷ ಶಾಶ್ವತವಾಗಿ ಕೈಬಿಟ್ಟಿತು. 2017ರಲ್ಲಿ ಸವಾರಿಯೇ ಮುಚ್ಚಿತು. ಅಬುಧಾಬಿಯ ವೇಗದ ಅರ್ಧಕ್ಕೂ ಕಡಿಮೆ ವೇಗದ ಸವಾರಿಯೊಂದು, ಎದುರುಬದುರಾಗುವ ಒಂದೇ ಕಾರಣದಿಂದ, ಕಣ್ಣಿನ ಮಟ್ಟಿಗೆ ಅದಕ್ಕಿಂತ ಅಪಾಯಕಾರಿಯಾಗಿತ್ತು ಎಂಬುದನ್ನು ಗಮನಿಸಿದರೆ, ವೇಗಮಾಪಕದ ಅಂಕಿಯನ್ನಷ್ಟೇ ನೋಡಿ ಅಪಾಯವನ್ನು ಅಳೆಯುವ ರೂಢಿ ಎಷ್ಟು ಅಪೂರ್ಣವೆಂಬುದು ತಿಳಿಯುತ್ತದೆ.

ಆ ಘಟನೆಗಳ ಬಳಿಕ 2015ರಲ್ಲಿ ಅದೇ ಉದ್ಯಾನವು ತನ್ನ ದೊಡ್ಡ ಸವಾರಿಗಳ ಬಾಗಿಲಲ್ಲಿ ಮೆಟಲ್ ಡಿಟೆಕ್ಟರ್‌ಗಳನ್ನು ನಿಲ್ಲಿಸಿತು. 2021ರಲ್ಲಿ ಅಲ್ಲಿಯೇ ತೆರೆದ ‘ವೆಲಾಸಿಕೋಸ್ಟರ್’ ಸವಾರಿಯಲ್ಲಿ ಎರಡು ಬದಿಯಿಂದಲೂ ತೆರೆಯುವ ಲಾಕರ್‌ಗಳಿವೆ. ಹತ್ತುವ ಮುನ್ನ ಒಂದು ಬದಿಯಿಂದ ವಸ್ತುಗಳನ್ನು ಇಟ್ಟು, ಇಳಿದ ಮೇಲೆ ಇನ್ನೊಂದು ಬದಿಯಿಂದ ತೆಗೆದುಕೊಳ್ಳುವುದರಿಂದ ಸಾಲು ಮುರಿಯದು, ಫೋನು ಕೊನೆಯ ಗಳಿಗೆಯವರೆಗೂ ಕೈಯಲ್ಲಿರುತ್ತದೆ. ಸಣ್ಣದೆನಿಸುವ ಈ ಅನುಕೂಲಕ್ಕೆ ದೊಡ್ಡ ಬೆಲೆಯಿದೆ. ಫಲಕದ ಮೇಲೆ ಬರೆದ ಎಚ್ಚರಿಕೆಯನ್ನು ಓದಿ ಜೇಬು ಖಾಲಿ ಮಾಡುವವರ ಸಂಖ್ಯೆ ಎಲ್ಲ ಊರುಗಳಲ್ಲೂ ಕಡಿಮೆಯೇ. ಲಾಕರಿಗೆ ಹಣ ಕೇಳುವ ಉದ್ಯಾನವು ತನ್ನ ಸವಾರರಿಗೆ ಫೋನನ್ನು ಅಡಗಿಸಿಕೊಳ್ಳಲು ತಾನೇ ಕಾರಣ ಒದಗಿಸುತ್ತದೆ ಎಂದರೆ ತಪ್ಪಾಗಲಾರದು.

ಕಳೆದ ವಸ್ತುವು ಯಾರಿಗೂ ಬಡಿಯದೆ ನೆಲಕ್ಕೆ ಬಿದ್ದಾಗಲೂ ಅಪಾಯ ಮುಗಿಯುವುದಿಲ್ಲ. ಓಹಾಯೊ ರಾಜ್ಯದ ಸೀಡರ್ ಪಾಯಿಂಟ್ ಉದ್ಯಾನದಲ್ಲಿ 2015ರ ಆಗಸ್ಟಿನಲ್ಲಿ, ‘ರ್‍ಯಾಪ್ಟರ್’ ಸವಾರಿಯಲ್ಲಿ ಕಳೆದುಕೊಂಡ ತನ್ನ ವಸ್ತುವನ್ನು ಹುಡುಕಲು ಬೇಲಿ ದಾಟಿ ಒಳಹೊಕ್ಕ ವ್ಯಕ್ತಿಯೊಬ್ಬರು ಬಂಡಿ ಬಡಿದು ಮೃತಪಟ್ಟರು. ವಿನ್ಯಾಸಕಾರರು ಹಳಿಯ ಸುತ್ತ ತೆರವು ವಲಯವೊಂದನ್ನು ಗುರುತಿಸುತ್ತಾರೆ. ಕೈಕಾಲು ಪೂರ್ತಿ ಚಾಚಿದ ಸವಾರನಿಗೂ ಏನೂ ತಾಗದಂತೆ ಕಂಬ, ಕೊಂಬೆ, ಮೆಟ್ಟಿಲುಗಳಿಂದ ಮುಕ್ತವಾಗಿ ಇಡಬೇಕಾದ ಜಾಗವದು. ಆ ವಲಯದೊಳಕ್ಕೆ ಬಿದ್ದ ವಸ್ತು ಅದರ ಯಜಮಾನನನ್ನೂ ಒಳಕ್ಕೆ ಸೆಳೆಯುತ್ತದೆ. ಜನರು ಸಾಲುಗಟ್ಟಿ ನಿಲ್ಲುವ ದಾರಿಯ ಮೇಲೆ ಹಳಿ ಹಾದುಹೋದಲ್ಲಿ ಜಾಲ ಕಟ್ಟುವುದು, ಸಾಧ್ಯವಾದರೆ ಅಂಥ ಹಾದುಹೋಗುವಿಕೆಯನ್ನು ನಕ್ಷೆಯ ಹಂತದಲ್ಲೇ ತಪ್ಪಿಸುವುದು, ಇವೆರಡರಲ್ಲಿ ಎರಡನೆಯದು ಉತ್ತಮ.

ಮೂರನೆಯ ಬಗೆಯಾದ ಯಂತ್ರಭಾಗಗಳ ವಿಷಯಕ್ಕೆ ಬಂದರೆ, ಫಾರ್ಮುಲಾ ರೋಸ್ಸಾವನ್ನು ಚಿಮ್ಮಿಸುವ ಹೈಡ್ರಾಲಿಕ್ ವ್ಯವಸ್ಥೆಯ ಸ್ವರೂಪವನ್ನು ವಿವರಿಸಬೇಕಾಗುತ್ತದೆ. ಇದರಲ್ಲಿ ನೈಟ್ರೋಜನ್ ಅನಿಲದ ಒತ್ತಡದಡಿ ಕೂಡಿಟ್ಟ ದ್ರವವು ಮೋಟರುಗಳನ್ನು ತಿರುಗಿಸಿ, ಅವು ದೊಡ್ಡ ಉರುಳೆಯೊಂದಕ್ಕೆ ಉಕ್ಕಿನ ಹಗ್ಗವನ್ನು ಸುತ್ತುತ್ತವೆ; ಹಗ್ಗದ ತುದಿಗೆ ಕಟ್ಟಿದ ಜಾರುಬಂಡಿಯು ಸವಾರರ ಬಂಡಿಯನ್ನು ಎಳೆದೊಯ್ದು ಬಿಟ್ಟುಬಿಡುತ್ತದೆ. ಸೀಡರ್ ಪಾಯಿಂಟಿನಲ್ಲಿ 2003ರಲ್ಲಿ ತೆರೆದ, ಗಂಟೆಗೆ 193 ಕಿಲೋಮೀಟರ್ ವೇಗದ ‘ಟಾಪ್ ಥ್ರಿಲ್ ಡ್ರ್ಯಾಗ್‌ಸ್ಟರ್’ ಕೂಡ ಇದೇ ಬಗೆಯದು. 2004ರ ಜುಲೈಯಲ್ಲಿ ಅದರ ಹಗ್ಗದಿಂದ ಸಿಡಿದ ಲೋಹದ ಚೂರುಗಳು ನಾಲ್ವರು ಸವಾರರಿಗೆ ತಗುಲಿದವು. ಕ್ಯಾಲಿಫೋರ್ನಿಯದ ನಾಟ್ಸ್ ಬೆರಿ ಫಾರ್ಮ್ ಉದ್ಯಾನದ ‘ಎಕ್ಸೆಲರೇಟರ್’ ಸವಾರಿಯಲ್ಲಿ 2009ರ ಸೆಪ್ಟೆಂಬರಿನಲ್ಲಿ ಚಿಮ್ಮುವ ಗಳಿಗೆಯಲ್ಲೇ ಹಗ್ಗ ತುಂಡಾಗಿ ಬಾಲಕನೊಬ್ಬನ ಕಾಲಿಗೆ ಗಾಯವಾಯಿತು. ಸೆಳೆತದಲ್ಲಿರುವ ಉಕ್ಕಿನ ಹಗ್ಗ ಹರಿದಾಗ ಅದರಲ್ಲಿ ಕೂಡಿಟ್ಟಿದ್ದ ಶಕ್ತಿಯೆಲ್ಲ ಚೂರುಗಳ ವೇಗವಾಗಿ ಮಾರ್ಪಡುವುದರಿಂದ, ಬಂಡಿಯ ವೇಗ ಇನ್ನೂ ಕಡಿಮೆಯಿರುವಾಗಲೇ ಗಾಯ ಸಂಭವಿಸಬಹುದು.

ಇದೇ ಡ್ರ್ಯಾಗ್‌ಸ್ಟರ್‌ನಲ್ಲಿ 2021ರ ಆಗಸ್ಟ್ 15ರಂದು ನಡೆದ ಅವಘಡದಲ್ಲಿ ಗಾಯಗೊಂಡವರು ಸವಾರರಲ್ಲ, ಸಾಲಿನಲ್ಲಿ ನಿಂತಿದ್ದ ಮಹಿಳೆ. ಬಂಡಿಯ ಹಿಂಬದಿಯಲ್ಲಿ, ಹಳಿಯ ಪಕ್ಕದ ಸಂವೇದಕಕ್ಕೆ ಬಂಡಿಯ ಇರುವಿಕೆಯನ್ನು ತಿಳಿಸಲೆಂದು ಅಳವಡಿಸಿದ್ದ ಲೋಹದ ಪಟ್ಟಿಯೊಂದು ಕಳಚಿ ಅವರ ತಲೆಗೆ ಬಡಿದು, ಮೆದುಳಿಗೆ ತೀವ್ರ ಗಾಯವಾಯಿತು. ಓಹಾಯೊ ರಾಜ್ಯದಲ್ಲಿ ಸವಾರಿಗಳ ತಪಾಸಣೆ ಕೃಷಿ ಇಲಾಖೆಯ ಹೊಣೆ ಎಂಬುದು ಕನ್ನಡ ಓದುಗರಿಗೆ ವಿಚಿತ್ರವೆನಿಸಬಹುದು. ಆದರೆ ನಮ್ಮಲ್ಲಿಯಂತೆ ಅಲ್ಲಿಯೂ ತೊಟ್ಟಿಲಿನಂಥ ಸವಾರಿಗಳು ತಿರುಗುತ್ತಿದ್ದದ್ದು ರೈತರ ಜಾತ್ರೆಗಳಲ್ಲೇ. ಇಲಾಖೆಯ ತನಿಖೆ ಉದ್ಯಾನವು ಕಾನೂನನ್ನು ಉಲ್ಲಂಘಿಸಿದ್ದಕ್ಕೆ ಆಧಾರ ಕಾಣಲಿಲ್ಲ. ಆದರೂ ಹಳೆಯ ರೂಪದಲ್ಲಿ ಆ ಸವಾರಿ ಮತ್ತೆ ಓಡಲಿಲ್ಲ. 2024ರಲ್ಲಿ ‘ಟಾಪ್ ಥ್ರಿಲ್ 2’ ಎಂಬ ಹೆಸರಿನಿಂದ ಮರಳಿ ಬಂದಾಗ ಹಗ್ಗದ ಬದಲು ಹಳಿಯುದ್ದಕ್ಕೂ ಜೋಡಿಸಿದ ವಿದ್ಯುತ್ಕಾಂತಗಳು ಬಂಡಿಯನ್ನು ತಳ್ಳುತ್ತಿದ್ದವು. ಹೈಡ್ರಾಲಿಕ್ ಬಗೆಯಲ್ಲಿ ಅತ್ಯಂತ ಎತ್ತರದ್ದಾಗಿದ್ದ, ನ್ಯೂಜೆರ್ಸಿಯ 139 ಮೀಟರಿನ ‘ಕಿಂಗ್‌ಡಾ ಕಾ’ವನ್ನು 2025ರ ಫೆಬ್ರವರಿಯಲ್ಲಿ ಸ್ಫೋಟಕವಿಟ್ಟು ಉರುಳಿಸಲಾಯಿತು. ಕಾಂತೀಯ ವ್ಯವಸ್ಥೆ ಬಂದದ್ದು ಮುಖ್ಯವಾಗಿ ನಿರ್ವಹಣೆ ಸುಲಭವೆಂಬ ಕಾರಣಕ್ಕೆ. ಹರಿಯಬಲ್ಲ ಹಗ್ಗವೇ ಇಲ್ಲದಂತಾದದ್ದು ಅದರ ಜೊತೆಗೆ ದೊರೆತ ಲಾಭ.

ಕಾಂತಗಳು ಬಂದರೂ ಬೋಲ್ಟುಗಳು ಉಳಿಯುತ್ತವೆ. ಬೋಲ್ಟನ್ನು ನಿಗದಿತ ಬಿಗಿತಕ್ಕೆ ತಿರುಗಿಸಿದ ಮೇಲೆ ಅದರ ತಲೆಯಿಂದ ಪಕ್ಕದ ಲೋಹದವರೆಗೆ ಬಣ್ಣದ ಗೆರೆಯೊಂದನ್ನು ಎಳೆಯುವ ಪದ್ಧತಿ ಯಂತ್ರಶಿಲ್ಪದಲ್ಲಿ ರೂಢಿಯಲ್ಲಿದೆ. ಬೆಳಗಿನ ತಪಾಸಣೆಯಲ್ಲಿ ಗೆರೆ ಎರಡಾಗಿ ಸರಿದಿದ್ದರೆ ಬೋಲ್ಟು ಸಡಿಲಗೊಂಡಿದೆ ಎಂಬುದು ದೂರದಿಂದಲೇ ಕಾಣುತ್ತದೆ. ಆದರೆ ಮತ್ತೆ ಮತ್ತೆ ಬೀಳುವ ಹೊರೆಯಿಂದ ಲೋಹದೊಳಗೆ ಹುಟ್ಟುವ ಸೀಳು, ಅಂದರೆ ಲೋಹದ ದಣಿವು, ಗೆರೆಯನ್ನು ಸರಿಸದೆಯೇ ಬೆಳೆಯಬಲ್ಲದು. ಅದನ್ನು ಪತ್ತೆಹಚ್ಚಲು ಭಾಗಗಳನ್ನು ಬಿಚ್ಚಿ, ಕಾಂತೀಯಗೊಳಿಸಿ, ಅವುಗಳ ಮೇಲೆ ಸೂಕ್ಷ್ಮವಾದ ಕಬ್ಬಿಣದ ಪುಡಿಯನ್ನು ಹರಡುತ್ತಾರೆ. ಸೀಳಿದ್ದಲ್ಲಿ ಕಾಂತಕ್ಷೇತ್ರ ಹೊರಚೆಲ್ಲಿ ಪುಡಿ ಸಾಲುಗಟ್ಟುತ್ತದೆ. ಈ ಪರೀಕ್ಷೆ ಕಾಂತಕ್ಕೆ ಅಂಟುವ ಲೋಹಗಳಲ್ಲಿ ಮಾತ್ರ ನಡೆಯುವುದರಿಂದ, ಅಲ್ಯೂಮಿನಿಯಮ್ಮಿನ ಭಾಗಗಳಿಗೆ ಬಣ್ಣದ ದ್ರವವನ್ನು ಸೀಳಿನೊಳಕ್ಕೆ ಇಳಿಯಬಿಟ್ಟು ನೋಡುವ ಬೇರೊಂದು ವಿಧಾನವನ್ನು ಬಳಸಬೇಕಾಗುತ್ತದೆ.